ಮೈಕ್ ಕೊಡುವ ಮೊದಲು ಆಗಬೇಕಾದ ಕೆಲಸಗಳು

ಮಾನ್ಯ ಸಂಪಾದಕರೇ,

ನವೆಂಬರ್ 25 ಹತ್ತಿರವಾದಂತೆ ಮಹಿಳಾ ಸಂಘಟನೆಗಳಿಗೆ ಒಂದೇ ಧಾಟಿಯ ಫೋನ್ ಕರೆಗಳು ಬರತೊಡಗುತ್ತವೆ. ‘ನಮ್ಮ ಕಾರ್ಯಕ್ರಮಕ್ಕೆ ಒಬ್ಬ ಸಂತ್ರಸ್ತೆ ಬೇಕಿತ್ತು. ಸ್ವಲ್ಪ ಚೆನ್ನಾಗಿ ಮಾತಾಡುವವರು. ಹತ್ತು ನಿಮಿಷ ಸಾಕು.’ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಆ ದಿನದಿಂದ ಡಿಸೆಂಬರ್ 10ರ ಮಾನವ ಹಕ್ಕುಗಳ ದಿನದವರೆಗೆ 16 ದಿನ ಈ ಬೇಡಿಕೆ ಇರುತ್ತದೆ. 11ನೇ ತಾರೀಕು ಯಾರಿಗೂ ಅವರ ನೆನಪಿರುವುದಿಲ್ಲ. ಕರೆ ಮಾಡುವವರೇನೂ ಕೆಟ್ಟವರಲ್ಲ. ಲೈಂಗಿಕ ದೌರ್ಜನ್ಯ ದಾಟಿ ಬಂದವರು ಮುಂದಾಳುಗಳಾಗಲಿ ಎಂದು ನಿಜವಾಗಿಯೂ ಬಯಸುವವರೇ. ಆದರೆ ವೇದಿಕೆಯಲ್ಲಿ ನಿಂತು ತಮಗಾದದ್ದನ್ನು ಹೇಳುವುದು ಒಂದು ಕೆಲಸ, ಸಮುದಾಯದ ಒಂದು ವ್ಯವಸ್ಥೆಯನ್ನು ಹಿಡಿದು ನಡೆಸುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಹತ್ತು ನಿಮಿಷ ಸಾಕು. ಎರಡನೆಯದಕ್ಕೆ ಎರಡು ಮೂರು ವರ್ಷ, ದುಡ್ಡು ಮತ್ತು ತೀರ್ಮಾನ ಮಾಡುವ ಹಕ್ಕು ಬೇಕು. ಪತ್ರಿಕೆಗಳಲ್ಲಿ ಈ ಬಗ್ಗೆ ಬರುವ ಬರಹಗಳಲ್ಲಿ ಎರಡನೆಯದರ ವಿವರ ಅಪರೂಪ. ಬೆಂಬಲ ಮತ್ತು ತರಬೇತಿಯ ಕೆಲಸದಲ್ಲಿರುವವರಾಗಿ ಅದನ್ನಿಲ್ಲಿ ಬರೆಯುತ್ತಿದ್ದೇವೆ.

ಮೊದಲು ಪದಗಳ ವಿಚಾರ. ಠಾಣೆಯ ವರದಿಯಲ್ಲಿ, ಕೋರ್ಟಿನ ಸುದ್ದಿಯಲ್ಲಿ ‘ಸಂತ್ರಸ್ತೆ’ ನಡೆಯುತ್ತದೆ. ಅದೇ ವ್ಯಕ್ತಿ ಎಂಟು ವರ್ಷದ ನಂತರ ಒಂದು ಸಹಾಯ ಕೇಂದ್ರದ ಉಸ್ತುವಾರಿ ಸಮಿತಿಯಲ್ಲಿ ಕೂತು ಲೆಕ್ಕ ಕೇಳಿದಾಗಲೂ ‘ಸಂತ್ರಸ್ತೆಯ ಪ್ರಶ್ನೆ’ ಎಂದೇ ಬರೆದರೆ ಓದುವವರಿಗೆ ಲೆಕ್ಕ ಕಾಣುವುದಿಲ್ಲ, ಹಳೆಯ ಘಟನೆಯೇ ಕಾಣುತ್ತದೆ. ‘ಮಾನಭಂಗ’ ಇನ್ನೂ ಕೆಟ್ಟದ್ದು. ಅಪರಾಧ ಮಾಡಿದವನ ಮಾನಕ್ಕೆ ಏನೂ ಆಗಲಿಲ್ಲ, ಹಲ್ಲೆಗೊಳಗಾದವರ ಮಾನವೇ ಮುರಿದುಬಿತ್ತು ಎನ್ನುವ ಪದ ಅದು. ಮಾನ ಹೋದವರು ಎಂದು ದಿನವೂ ಅಚ್ಚು ಹಾಕಿ, ಅವರನ್ನೇ ಅಧ್ಯಕ್ಷರ ಕುರ್ಚಿಯಲ್ಲಿ ಒಪ್ಪಿಕೊಳ್ಳಿ ಎಂದು ಊರನ್ನು ಕೇಳುವುದು ಹೇಗೆ? ಜೊತೆಗೆ, ದೌರ್ಜನ್ಯಕ್ಕೆ ಒಳಗಾದ ಗಂಡಸರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ‘ಸಂತ್ರಸ್ತೆ’ಯಲ್ಲಿ ಜಾಗವೇ ಇಲ್ಲ. ನಾವಿಲ್ಲಿ ‘ದಾಟಿ ಬಂದವರು’ ಎಂದು ಬರೆದಿದ್ದೇವೆ. ಅದೂ ಎಲ್ಲರಿಗೂ ಹಿಡಿಸುವುದಿಲ್ಲ. ಇನ್ನೂ ದಾಟುತ್ತಲೇ ಇದ್ದೇವೆ ಎನ್ನುವವರಿದ್ದಾರೆ. ಯಾವ ಪದ ಬೇಕೆಂದು ಅವರನ್ನೇ ಕೇಳಿ ಬರೆಯುವುದು ಒಳ್ಳೆಯದು. ಅನೇಕರು ತಮ್ಮ ಹುದ್ದೆಯ ಹೆಸರನ್ನಷ್ಟೇ ಬರೆಯಲು ಹೇಳುತ್ತಾರೆ.

ಯಾರು ಈ ಕೆಲಸಕ್ಕೆ ಸಿದ್ಧರಿದ್ದಾರೆ ಎಂದು ತಿಳಿಯುವುದು ಹೇಗೆ? ಘಟನೆಯಾಗಿ ಎಷ್ಟು ವರ್ಷವಾಯಿತು ಎಂಬುದು ಅಳತೆಗೋಲಾಗದು. ಹತ್ತು ವರ್ಷ ಕಳೆದರೂ ಆರೋಪಿ ಎದುರುಮನೆಯಲ್ಲೇ ಇದ್ದರೆ ಆ ಹತ್ತು ವರ್ಷಕ್ಕೆ ಬೆಲೆಯಿಲ್ಲ. ಕೇಳಬೇಕಾದ ಪ್ರಶ್ನೆಗಳು ಸಾದಾ ಪ್ರಶ್ನೆಗಳು. ಇವತ್ತು ರಾತ್ರಿ ಇವರು ಎಲ್ಲಿ ಮಲಗುತ್ತಾರೆ, ಆರೋಪಿಗೆ ಅಥವಾ ಅವನ ಕಡೆಯವರಿಗೆ ಆ ಜಾಗ ಗೊತ್ತೇ? ಮನೆಯ ಖರ್ಚು ಯಾರ ಕೈಯಲ್ಲಿದೆ, ಇವರು ಸಭೆಗೆ ಹೋದರೆ ಆ ಕೈ ಬಿಗಿಯಾಗುತ್ತದೆಯೇ? ಕೇಸು ನಡೆಯುತ್ತಿದೆಯೇ, ಯಾವ ಹಂತದಲ್ಲಿದೆ? ನಿದ್ದೆ ಕೆಟ್ಟರೆ, ಹಳೆಯದು ಮರುಕಳಿಸಿದರೆ ತಲುಪಬಹುದಾದ ದೂರದಲ್ಲಿ ಚಿಕಿತ್ಸೆ ಇದೆಯೇ? ಕಷ್ಟದ ಒಂದು ಸಭೆ ಮುಗಿದ ಮೇಲಿನ ಎರಡು ದಿನ ಜೊತೆಗಿರುವವರು ಯಾರು? ಈ ಕೊನೆಯ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರೇ ಉತ್ತರವಾಗಿ ಬರಬೇಕು. ‘ಎಲ್ಲರೂ ಇದ್ದೇವೆ’ ಎಂದರೆ ಯಾರೂ ಇಲ್ಲ ಎಂದರ್ಥ.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಒಂದಿದೆ: ಸಂಘಟಕರ ಯಾವುದಾದರೂ ಕೋರಿಕೆಗೆ ಇವರು ಒಮ್ಮೆಯಾದರೂ ‘ಆಗುವುದಿಲ್ಲ’ ಅಂದಿದ್ದಾರೆಯೇ? ಆಶ್ರಯ ಕೊಟ್ಟವರು, ವಕೀಲರನ್ನು ಹಿಡಿದುಕೊಟ್ಟವರು, ಮಕ್ಕಳ ಶಾಲೆ ಫೀಸು ಕಟ್ಟಿದವರು ಬಂದು ‘ನಾಳೆ ಸ್ವಲ್ಪ ಮಾತಾಡ್ತೀರಾ’ ಎಂದು ಕೇಳಿದರೆ ಅದು ಕೋರಿಕೆಯಾಗಿ ಕೇಳಿಸುವುದಿಲ್ಲ. ಇಲ್ಲವೆಂದರೆ ನೆರವು ನಿಂತೀತು ಎಂಬ ಭಯ ಬಾಯಿಗೆ ಬರದಿದ್ದರೂ ಮನಸ್ಸಿನಲ್ಲಿರುತ್ತದೆ. ಹಾಗಾಗಿ ಸಂಸ್ಥೆಯೊಳಗೇ ಎರಡು ಕೈಗಳನ್ನು ಬೇರೆ ಮಾಡಬೇಕು. ನೆರವು ಯಾರಿಗೆ, ಎಷ್ಟು ದಿನ ಎಂದು ತೀರ್ಮಾನಿಸುವವರು ತರಬೇತಿಗೆ, ಸಭೆಗೆ ಆಹ್ವಾನಿಸುವ ಕೆಲಸ ಮಾಡಬಾರದು. ಬಂದರೂ ಬರದಿದ್ದರೂ ಆಶ್ರಯ, ಚಿಕಿತ್ಸೆ, ಕಾನೂನು ನೆರವು ಹಾಗೆಯೇ ಮುಂದುವರಿಯುತ್ತದೆ ಎಂದು ಆಹ್ವಾನದ ಮೊದಲ ಸಾಲಿನಲ್ಲೇ ಹೇಳಬೇಕು. ಸಣ್ಣ ಸಂಸ್ಥೆಯಲ್ಲಿ ಇಬ್ಬರೇ ಇದ್ದರೆ ಈ ಒಂದು ಕೆಲಸಕ್ಕೆ ಹೊರಗಿನವರೊಬ್ಬರನ್ನು ಕರೆಯಬಹುದು.

ಅಡಿಪಾಯವಿಲ್ಲದೆ ನಾಯಕತ್ವ ತರಬೇತಿ ಶುರು ಮಾಡುವುದು ಸಾಮಾನ್ಯ ತಪ್ಪು. ಕಾಂಗೋದ ಬುಕಾವುವಿನಲ್ಲಿ ಡಾ. ಡೆನಿಸ್ ಮುಕ್ವೆಗೆ 1999ರಲ್ಲಿ ಸ್ಥಾಪಿಸಿದ ಪಾಂಜಿ ಆಸ್ಪತ್ರೆಯ ಕ್ರಮ ಇಲ್ಲಿ ನೋಡತಕ್ಕದ್ದು. ಅಲ್ಲಿ ಶಸ್ತ್ರಚಿಕಿತ್ಸೆಯ ಜೊತೆ ಮನಸ್ಸಿನ ಆರೈಕೆ, ಕಾನೂನು ನೆರವು, ದುಡಿಮೆಯ ದಾರಿ ಸೇರಿ ನಾಲ್ಕು ಕಂಬಗಳ ಮೇಲೆ ಕೆಲಸ ನಿಂತಿದೆ. ಅದೇ ಊರಿನಲ್ಲಿ 2011ರಲ್ಲಿ ಬಾಗಿಲು ತೆರೆದ ಸಿಟಿ ಆಫ್ ಜಾಯ್ ಕೇಂದ್ರ ದಾಟಿ ಬಂದವರನ್ನು ಮುಂದಾಳುಗಳಾಗಿಸಲೆಂದೇ ಇರುವುದು. ಆರು ತಿಂಗಳ ವಸತಿ ತರಬೇತಿ, ಒಂದು ತಂಡದಲ್ಲಿ ಸುಮಾರು 90 ಮಂದಿ. ಮನಸ್ಸಿನ ಚಿಕಿತ್ಸೆಯ ಪಕ್ಕದಲ್ಲೇ ಓದು ಬರಹ, ಹಕ್ಕುಗಳ ತಿಳಿವಳಿಕೆ, ಆತ್ಮರಕ್ಷಣೆ, ಬೇಸಾಯ. ಆ ಮಾದರಿಯನ್ನು ಎಲ್ಲ ಕಡೆಗೂ ಹಾಗೆಯೇ ಎತ್ತಿ ತರಲಾಗದು. ಆರು ತಿಂಗಳು ಮನೆಯಿಂದ ಕಾಣೆಯಾದರೆ ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆ ಬರುತ್ತದೆ, ಚಿಕ್ಕ ಮಕ್ಕಳಿರುವವರು ಬರಲಾರರು. ಅಂಥಲ್ಲಿ ವಾರಕ್ಕೆ ಅರ್ಧ ದಿನದಂತೆ ಆರರಿಂದ ಒಂಬತ್ತು ತಿಂಗಳು ಹರಡಿದರೆ ನಡೆಯುತ್ತದೆ. ಎರಡು ದಿನದ ಕಾರ್ಯಾಗಾರ ಮಾಡಿ ಪ್ರಮಾಣಪತ್ರ ಹಂಚುವುದರಿಂದ ಮಾತ್ರ ಏನೂ ಆಗುವುದಿಲ್ಲ, ಫೋಟೊ ಒಂದನ್ನು ಬಿಟ್ಟು.

ತಂಡದಲ್ಲಿ 8ರಿಂದ 12 ಜನ ಸಾಕು. ನಡೆಸಿಕೊಡುವವರು ಇಬ್ಬರು ಇರಲೇಬೇಕು: ಒಬ್ಬರು ಎದ್ದು ಹೊರಗೆ ಹೋದರೆ ಜೊತೆಗೆ ಹೋಗಲು ಒಬ್ಬರು, ಉಳಿದವರ ಜೊತೆ ಕೂರಲು ಇನ್ನೊಬ್ಬರು. ಬೈಠಕ್ ಒಂದೂವರೆ ಗಂಟೆ ಮೀರದಿರಲಿ, ಆಮೇಲೆ ದೊಡ್ಡ ಬಿಡುವು. ಕುರ್ಚಿಗಳನ್ನು ದುಂಡಗೆ ಹಾಕಿ, ಆದರೆ ಬಾಗಿಲಿನ ದಾರಿ ತೆರವಾಗಿರಲಿ. ಯಾರ ಬೆನ್ನೂ ಬಾಗಿಲಿಗೆ ಇರದಿರಲಿ. ಬಾಗಿಲಿಗೆ ಚಿಲಕ ಹಾಕಬಾರದು. ವಿಡಿಯೊ ತೋರಿಸಲೆಂದು ದೀಪ ಆರಿಸಬಾರದು. ಕಣ್ಣು ಮುಚ್ಚಿ ಧ್ಯಾನ ಮಾಡಿಸುವುದು ಹಲವರಿಗೆ ಹಿತವಲ್ಲ, ಭಯ ತರುತ್ತದೆ; ಬದಲಿಗೆ ಕಣ್ಣು ತೆರೆದೇ ಸುತ್ತ ಕಾಣುವ ಐದು ವಸ್ತು, ಮುಟ್ಟಿ ತಿಳಿಯುವ ನಾಲ್ಕು, ಕೇಳಿಸುವ ಮೂರು ಹೆಸರಿಸುವ ಅಭ್ಯಾಸ ಮಾಡಿಸಿ. ಕೇಳದೆ ಯಾರ ಹೆಗಲ ಮೇಲೂ ಕೈ ಇಡಬೇಡಿ, ಅತ್ತಾಗಲೂ ಕೂಡ.

ಮೊದಲ ದಿನವೇ ಹೇಳಬೇಕಾದ ನಿಯಮ: ನಡೆದದ್ದನ್ನು ಇಲ್ಲಿ ಯಾರೂ ಹೇಳಬೇಕಾಗಿಲ್ಲ. ಪರಿಚಯದ ಸುತ್ತಿನಲ್ಲಿ ‘ನಿಮ್ಮ ಕತೆ ಹಂಚಿಕೊಳ್ಳಿ’ ಎಂದರೆ ಎರಡು ಕೆಡುಕಾಗುತ್ತದೆ. ಒಬ್ಬರ ವಿವರ ಮತ್ತೊಬ್ಬರ ರಾತ್ರಿಯನ್ನು ಕೆಡಿಸುತ್ತದೆ. ‘ನನಗಾದದ್ದು ಅವರಷ್ಟು ದೊಡ್ಡದಲ್ಲ’ ಎಂದುಕೊಂಡ ಇನ್ನೊಬ್ಬರು ಮುಂದಿನ ವಾರ ಬರುವುದಿಲ್ಲ. ಕೊನೆಗೆ ಹೆಚ್ಚು ನೋವು ಕಂಡವರೇ ಹೆಚ್ಚು ಅರ್ಹರು ಎಂಬ ವಿಚಿತ್ರ ಮೇಲುಕೀಳು ತಂಡದಲ್ಲಿ ಹುಟ್ಟುತ್ತದೆ. ಅರ್ಹತೆ ಇರುವುದು ಕೆಲಸದಲ್ಲಿ.

ಆ ಕೆಲಸ ಕಲಿಸುವುದೇ ತರಬೇತಿಯ ಮುಕ್ಕಾಲು ಪಾಲಾಗಬೇಕು. ದೌರ್ಜನ್ಯವಾದ ಮೇಲೆ ಎಚ್‌ಐವಿ ತಡೆ ಔಷಧಿಯನ್ನು 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಶುರು ಮಾಡಬೇಕು; ತುರ್ತು ಗರ್ಭನಿರೋಧಕ ಐದು ದಿನದವರೆಗೆ ಕೊಡಬಹುದು, ತಡವಾದಷ್ಟೂ ಪರಿಣಾಮ ಕಡಿಮೆ. ಸಮಯ ಮೀರಿದ್ದರೂ ಆಸ್ಪತ್ರೆಗೆ ಹೋಗುವುದರಲ್ಲಿ ಅರ್ಥವಿದೆ. ಇಷ್ಟು ಗೊತ್ತಿರುವ ಒಬ್ಬರು ಒಂದು ಬಡಾವಣೆಯಲ್ಲಿದ್ದರೆ ಆಗುವ ಉಪಕಾರ ನೂರು ಭಾಷಣಕ್ಕಿಂತ ದೊಡ್ಡದು. ಎದುರಿಗಿರುವವರ ಮಾತು ಕೇಳುವ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆಯ ಐದು ಹೆಜ್ಜೆಗಳಿವೆ: ಕೇಳಿಸಿಕೊಳ್ಳುವುದು, ಏನು ಬೇಕೆಂದು ವಿಚಾರಿಸುವುದು, ನಂಬಿದ್ದೇನೆಂದು ತಿಳಿಸುವುದು, ಸುರಕ್ಷತೆ ಹೆಚ್ಚಿಸುವುದು, ಬೇಕಾದ ನೆರವಿಗೆ ಜೋಡಿಸುವುದು. ಸಲಹೆ ಕೊಡುವುದು ಈ ಐದರಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಇವುಗಳ ಜೊತೆ ನಡಾವಳಿ ಬರೆಯುವುದು, ಆಯವ್ಯಯ ಪತ್ರ ಓದುವುದು, ಖರ್ಚಾಗದೆ ಉಳಿದ ಹಣ ಯಾವ ಸಾಲಿನಲ್ಲಿ ಅಡಗಿರುತ್ತದೆಂದು ಹುಡುಕುವುದು, ಮಾತು ಕಡಿದವರನ್ನು ತಡೆದು ‘ನನ್ನದು ಮುಗಿದಿಲ್ಲ’ ಅನ್ನುವುದು. ಕೊನೆಯದನ್ನು ನಾಟಕವಾಡಿಸಿಯೇ ಕಲಿಸಬೇಕು, ಹತ್ತು ಸಲ. ಮತ್ತೆ ನಾಯಕತ್ವ ಎಂದರೆ ಭಾಷಣವೆಂದೇ ಅಲ್ಲ; ಸಂಘದ ಖಜಾಂಚಿಯಾಗಿ ಯಾರಿಗೂ ಮುಖ ತೋರಿಸದೆ ಇಡೀ ಸಂಘವನ್ನು ನೆಟ್ಟಗೆ ನಿಲ್ಲಿಸಿದವರೂ ಮುಂದಾಳುಗಳೇ.

ಈಗ ದುಡ್ಡು. ಅದೇ ಸಭೆಗೆ ಬರುವ ವಕೀಲರಿಗೆ, ಮನೋವೈದ್ಯರಿಗೆ ಗೌರವಧನವಿರುತ್ತದೆ. ದಾಟಿ ಬಂದವರಿಗೆ ಶಾಲು, ಹೂಗುಚ್ಛ. ಅವರೂ ತಜ್ಞರೇ ಆದ್ದರಿಂದ ಅದೇ ದರವನ್ನೇ ಕೊಡಬೇಕು. ಪ್ರಯಾಣದ ಖರ್ಚನ್ನು ಮುಂಚಿತವಾಗಿ ಕೊಡಿ. ‘ರಸೀದಿ ತನ್ನಿ, ಆಮೇಲೆ ಕೊಡುತ್ತೇವೆ’ ಎಂದರೆ ಕೈಯಲ್ಲಿ ಹಣವಿಲ್ಲದವರು ಏನೋ ನೆಪ ಹೇಳಿ ಬರುವುದಿಲ್ಲ, ನೀವು ಅದನ್ನು ಆಸಕ್ತಿಯಿಲ್ಲವೆಂದು ಬರೆದುಕೊಳ್ಳುತ್ತೀರಿ. ಮಕ್ಕಳನ್ನು ನೋಡಿಕೊಳ್ಳುವ ಖರ್ಚು, ಜೊತೆಗೆ ಬರುವ ಒಬ್ಬರ ಖರ್ಚು, ಕಳೆದ ದಿನಗೂಲಿ ಬಜೆಟ್ಟಿನಲ್ಲಿ ಬೇರೆಬೇರೆ ಸಾಲುಗಳಾಗಿ ಇರಬೇಕು. ಎಡವುವುದು ಪಾವತಿಯ ವಿಧಾನದಲ್ಲಿ. ಖಾತೆ ಜಂಟಿಯೇ, ಬ್ಯಾಂಕಿನ ಸಂದೇಶ ಯಾರ ಫೋನಿಗೆ ಹೋಗುತ್ತದೆ ಎಂದು ಮೊದಲೇ ಕೇಳಿ. ‘ಲೈಂಗಿಕ ದೌರ್ಜನ್ಯ ಸಂತ್ರಸ್ತರ ಯೋಜನೆ’ ಎಂದು ವಿವರಣೆ ಹಾಕಿ ಹಣ ಕಳಿಸಿದರೆ ವರ್ಷಗಟ್ಟಲೆ ಕಾಪಾಡಿಕೊಂಡ ಗುಟ್ಟು ಒಂದೇ ಸಾಲಿನಲ್ಲಿ ಹೊರಬಿತ್ತು. ಹಾಜರಿ ಪುಸ್ತಕದ ಶೀರ್ಷಿಕೆ, ರಸೀದಿ, ಬ್ಯಾಗಿನ ಮೇಲಿನ ಮುದ್ರೆ, ವಾಟ್ಸ್‌ಆ್ಯಪ್ ಗುಂಪಿನ ಹೆಸರು ಎಲ್ಲಕ್ಕೂ ಸಾದಾ ಹೆಸರಿಡಿ. ಲೆಕ್ಕ ತಪಾಸಣೆಗೆ ಬೇಕಾದ ಮೂಲ ಪಟ್ಟಿ ಬೀಗದೊಳಗಿರಲಿ, ಉಳಿದೆಡೆ ಸಂಕೇತ ಸಂಖ್ಯೆ ಸಾಕು.

ಕೇಸು ಇನ್ನೂ ನಡೆಯುತ್ತಿದ್ದರೆ ದುಪ್ಪಟ್ಟು ಎಚ್ಚರ ಬೇಕು. ಸಭೆಯಲ್ಲಿ ಹೇಳಿದ ಒಂದು ಮಾತು, ತರಬೇತಿಯಲ್ಲಿ ಬರೆಸಿದ ‘ನನ್ನ ಪಯಣ’ದ ಒಂದು ಪುಟ, ಠಾಣೆಯಲ್ಲಿ ಕೊಟ್ಟ ಹೇಳಿಕೆಗಿಂತ ತುಸು ಬೇರೆಯಾಗಿದ್ದರೂ ಎದುರು ವಕೀಲರಿಗೆ ಅದೇ ಅಸ್ತ್ರ. ಬೇರೆಯಾಗುವುದು ಸುಳ್ಳು ಹೇಳಿದ್ದರಿಂದಲ್ಲ. ಆಘಾತದ ನೆನಪು ಚೂರುಚೂರಾಗಿ, ಹಿಂದುಮುಂದಾಗಿ ಬರುತ್ತದೆ. ಒಂದೊಂದು ಸಲ ಒಂದೊಂದು ಚೂರು ಮೇಲೇಳುತ್ತದೆ. ಆದ್ದರಿಂದ ತೀರ್ಪು ಬರುವ ತನಕ ಘಟನೆಯ ವಿವರವನ್ನು ತರಬೇತಿಯಲ್ಲಿ ಬರೆಸಬೇಡಿ, ಧ್ವನಿ ಮುದ್ರಿಸಬೇಡಿ. ಕೊಡುವ ಗೌರವಧನ ಸಾಕ್ಷ್ಯಕ್ಕೆ ಕೊಟ್ಟ ಲಂಚವೆಂದು ಕೋರ್ಟಿನಲ್ಲಿ ಆಪಾದಿಸುವುದೂ ಉಂಟು. ಯಾವ ಕೆಲಸಕ್ಕೆ, ಎಷ್ಟು ಗಂಟೆಗೆ, ಎಷ್ಟು ಎಂದು ಮೊದಲೇ ಬರೆದು, ಕೇಸಿಗೂ ಇದಕ್ಕೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಿದ ಕಾಗದ ಇದ್ದರೆ ಆ ಆಪಾದನೆಗೆ ಬಲವಿರುವುದಿಲ್ಲ. ಬಹಿರಂಗವಾಗಿ ಮಾತಾಡುವ ಮೊದಲು ಅವರ ವಕೀಲರಿಗೆ ತಿಳಿಸಬೇಕು, ಸಂಸ್ಥೆಯ ವಕೀಲರಿಗಲ್ಲ. ಇಬ್ಬರ ಹಿತಾಸಕ್ತಿ ಯಾವಾಗಲೂ ಒಂದೇ ಇರುವುದಿಲ್ಲ.

ಗುರುತಿನ ವಿಷಯ ಪತ್ರಿಕೆಗಳಿಗೆ ನೇರವಾಗಿ ತಾಗುವಂಥದ್ದು. ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ (ಹಿಂದಿನ ದಂಡಸಂಹಿತೆಯಲ್ಲಿ 228ಎ) ಎರಡು ವರ್ಷದವರೆಗೆ ಸೆರೆವಾಸದ ಅಪರಾಧ. ಆದರೆ ವಯಸ್ಕರು ಸ್ವತಃ ಲಿಖಿತ ಒಪ್ಪಿಗೆ ಕೊಟ್ಟರೆ ಪ್ರಕಟಿಸಬಹುದು. ಬಾಯಿಮಾತಿನ ಒಪ್ಪಿಗೆ ಸಾಲದು, ಮನೆಯವರ ಒಪ್ಪಿಗೆ ಅವರ ಒಪ್ಪಿಗೆಯಲ್ಲ. ಮಕ್ಕಳ ವಿಷಯದಲ್ಲಿ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯ 23ನೇ ಕಲಮು ಇನ್ನೂ ಬಿಗಿ. 18 ತುಂಬದವರನ್ನು ‘ಧೈರ್ಯದ ಮಾದರಿ’ಯಾಗಿ ನಿಲ್ಲಿಸುವ ಯೋಚನೆಯನ್ನೇ ಬಿಡಿ. ಕಾನೂನು ಇಲ್ಲಿಗೆ ಮುಗಿಯುತ್ತದೆ, ಕೆಲಸ ಇಲ್ಲಿಂದ ಶುರು. ‘ಒಪ್ಪಿಗೆ ಇದೆ’ ಎಂಬ ಒಂದೇ ಸಹಿಯನ್ನು ಬಿಡಿಸಿ ಕೇಳಬೇಕು: ಹೆಸರು ಹಾಕಬಹುದೇ? ಮುಖ? ಧ್ವನಿ? ಊರು? ಮುದ್ರಿತ ಪತ್ರಿಕೆಗೆ ಮಾತ್ರವೋ ಜಾಲತಾಣಕ್ಕೂ ಸೇರಿಯೋ? ಈ ಬಾರಿಗೆ ಮಾತ್ರವೋ ಮುಂದೆಯೂ ಬಳಸಬಹುದೋ? ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಎನ್ನುವ ಅವಕಾಶವಿರಬೇಕು. ಸಹಿಗೂ ಪ್ರಕಟಣೆಗೂ ನಡುವೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ಕೇಳಬೇಕು. ಒಪ್ಪಿಗೆ ಹಿಂಪಡೆಯಬಹುದು, ಆದರೆ ಅಂತರ್ಜಾಲಕ್ಕೆ ಹೋದದ್ದು ಪೂರ್ತಿ ಹಿಂದೆ ಬರುವುದಿಲ್ಲ ಎಂಬ ಕಹಿಯನ್ನೂ ಮುಚ್ಚಿಡದೆ ಹೇಳಬೇಕು. ಒಪ್ಪಿಗೆ ಪತ್ರದ ಪ್ರತಿಯನ್ನು ಮನೆಗೆ ಒಯ್ಯುವುದೇ ಕೆಲವರಿಗೆ ಅಪಾಯ. ಎಲ್ಲಿಡಬೇಕೆಂದು ಅವರೇ ಹೇಳಲಿ. ಐಸಿಸ್ ಸೆರೆಯ ಲೈಂಗಿಕ ದೌರ್ಜನ್ಯ ದಾಟಿ ಬಂದ ಇರಾಕಿನ ನಾದಿಯಾ ಮುರಾದ್ ಹೆಸರಿನಲ್ಲಿ 2022ರಲ್ಲಿ ಬಂದ ಮುರಾದ್ ಸಂಹಿತೆ, ಸಂಘರ್ಷ ಪ್ರದೇಶಗಳಲ್ಲಿ ಇಂಥ ಮಾಹಿತಿ ಕಲೆಹಾಕುವವರಿಗಾಗಿ ಬರೆದದ್ದು, ಸುದ್ದಿಮನೆಯಲ್ಲೂ ಓದಬೇಕಾದದ್ದು.

ಮುಖ ಮಸುಕು ಮಾಡಿದರೆ ಸಾಕೆಂಬ ನಂಬಿಕೆ ಬಹಳ ಕಡೆ ಇದೆ. ಗೊತ್ತಿದ್ದವರು ಗುರುತು ಹಿಡಿಯುವುದು ಧ್ವನಿಯಿಂದ, ನಿಲ್ಲುವ ಭಂಗಿಯಿಂದ, ಬಟ್ಟೆಯಿಂದ, ಹಿಂದೆ ಕಾಣುವ ಗೋಡೆಯ ಬಣ್ಣದಿಂದ, ‘ಇಬ್ಬರು ಮಕ್ಕಳ ತಾಯಿ, ಹೊಲಿಗೆ ಕೆಲಸ’ ಎಂಬ ಒಂದು ಸಾಲಿನಿಂದ. ಮುಖ ತೋರಿಸದೆಯೂ ಮುಂದಾಳಾಗಬಹುದು ಎನ್ನುವುದಕ್ಕೆ ಗ್ವಾಟೆಮಾಲಾದ ಸೆಪುರ್ ಸಾರ್ಕೊ ಪ್ರಕರಣ ಸಾಕ್ಷಿ. ಅಂತರ್ಯುದ್ಧ ಕಾಲದ ದೌರ್ಜನ್ಯಕ್ಕೆ ಒಳಗಾದ ಕೆಕ್ಚಿ ಎಂಬ ಮೂಲನಿವಾಸಿ ಸಮುದಾಯದ ಮಹಿಳೆಯರು ಬಣ್ಣದ ಶಾಲುಗಳಿಂದ ಮುಖ ಮುಚ್ಚಿಕೊಂಡೇ ಕೋರ್ಟಿನಲ್ಲಿ ಕೂತು 2016ರಲ್ಲಿ ಇಬ್ಬರು ಮಾಜಿ ಸೈನಿಕರಿಗೆ ಶಿಕ್ಷೆಯಾಗುವಂತೆ ಮಾಡಿದರು. ಪರಿಹಾರವಾಗಿ ತಮ್ಮ ಸಮುದಾಯಕ್ಕೆ ಆರೋಗ್ಯ ಕೇಂದ್ರ, ಮಕ್ಕಳಿಗೆ ಶಿಕ್ಷಣ ಬೇಕೆಂದು ಕೇಳಿದರು.

ಹೆಚ್ಚಿನವರು ಮೊದಲು ಕೈಹಾಕುವುದು ಹೊಸಬರಿಗೆ ಜೊತೆಯಾಗಿ ನಿಲ್ಲುವ ಕೆಲಸಕ್ಕೆ: ಆಸ್ಪತ್ರೆಗೆ, ಠಾಣೆಗೆ, ಕೋರ್ಟಿಗೆ ಜೊತೆ ಹೋಗುವುದು. ಇದರಲ್ಲಿ ಅವರಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು. ಅವರಷ್ಟು ಬೇಗ ಬೇರೆ ಯಾರೂ ಸೋತು ಕೂರುವುದೂ ಇಲ್ಲ. ತಮ್ಮದೇ ಘಟನೆಗೆ ಹೋಲುವ ಪ್ರಕರಣ ಬಂದರೆ ಹಳೆಯದೆಲ್ಲ ಎದ್ದು ನಿಲ್ಲುತ್ತದೆ. ಹೊಸಬರ ಕೇಸು ಬಿದ್ದುಹೋದರೆ ತಾನೇ ತಪ್ಪು ಮಾಡಿದೆನೆಂಬ ಕೊರಗು ಹಿಡಿಯುತ್ತದೆ. ರಾತ್ರಿ ಎರಡು ಗಂಟೆಗೆ ಬಂದ ಫೋನನ್ನು ಎತ್ತದಿರುವುದು ಹೇಗೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಒಂದು ಸಲಕ್ಕೆ ಎರಡು ಮೂರಕ್ಕಿಂತ ಹೆಚ್ಚು ಪ್ರಕರಣ ಕೊಡಬೇಡಿ. ಸ್ವಂತ ನಂಬರು ಹಂಚದೆ ಸಂಸ್ಥೆಯ ಫೋನು, ಅದಕ್ಕೆ ಸರದಿ, ಸರದಿ ಮುಗಿದ ಮೇಲೆ ಫೋನು ಇನ್ನೊಬ್ಬರ ಕೈಗೆ. ಹದಿನೈದು ದಿನಕ್ಕೊಮ್ಮೆ ಅನುಭವಿ ಆಪ್ತಸಮಾಲೋಚಕರ ಜೊತೆ ಒಂದು ಗಂಟೆ, ಅದೂ ಸಂಬಳದ ಸಮಯದಲ್ಲೇ. ಕಾರಣ ಹೇಳದೆ ‘ಈ ಪ್ರಕರಣ ನನ್ನಿಂದಾಗದು’ ಅನ್ನುವ ಹಕ್ಕು. ರಹಸ್ಯದ ಬಗ್ಗೆ ಒಂದು ಮಾತು: ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಟ್ಟ ಮೇಲೆ ಎದುರಿಗಿರುವವರು ಅಪ್ರಾಪ್ತರೆಂದು ತಿಳಿದರೆ ಕಷ್ಟ. ಪೋಕ್ಸೊ ಕಾಯ್ದೆಯಡಿ ವರದಿ ಮಾಡುವುದು ಕಡ್ಡಾಯ, ಮಾಡದಿದ್ದರೆ ಶಿಕ್ಷೆಯಿದೆ. ಯಾವುದನ್ನು ಗುಟ್ಟಾಗಿಡಬಲ್ಲೆ, ಯಾವುದನ್ನು ಇಡಲಾರೆ ಎಂದು ಮಾತಿನ ಆರಂಭದಲ್ಲೇ ಹೇಳುವುದನ್ನು ಬಾಯಿಪಾಠದಂತೆ ಕಲಿಸಬೇಕು.

ಸಮಿತಿಗಳಿಗೆ ಸೇರಿಸುವಾಗ ಒಬ್ಬರನ್ನೇ ಸೇರಿಸಬೇಡಿ. ಹನ್ನೆರಡು ಜನರ ನಡುವೆ ಒಬ್ಬರಿದ್ದರೆ ಅವರು ಸದಸ್ಯರಾಗುವುದಿಲ್ಲ, ಪ್ರದರ್ಶನಕ್ಕಿಟ್ಟ ವಸ್ತುವಾಗುತ್ತಾರೆ. ಕನಿಷ್ಠ ಇಬ್ಬರು ಮೂವರು, ಅದರಲ್ಲೂ ಬೇರೆ ಬೇರೆ ಹಿನ್ನೆಲೆಯವರು, ಅಂಗವಿಕಲರೂ ಸೇರಿ. ಕಾರ್ಯಸೂಚಿ ಒಂದು ವಾರ ಮುಂಚೆ, ಓದಬಲ್ಲ ಭಾಷೆಯಲ್ಲಿ ತಲುಪಲಿ. ಓದು ಬಾರದವರಿಗೆ ಓದಿ ಹೇಳಲು ಒಬ್ಬರಿರಲಿ. ಮತದ ಹಕ್ಕು ಇರಲಿ. ‘ನಿಮ್ಮ ಅನುಭವದಿಂದ ಏನಾದರೂ ಹೇಳಿ’ ಎಂದು ಅಧ್ಯಕ್ಷರು ತಿರುಗಿ ಕೇಳುವ ಚಾಳಿ ಬಿಡಬೇಕು. ಕಾಯುವ ಕೋಣೆಯಲ್ಲಿ ಆರೋಪಿಯ ಮನೆಯವರೂ ದೂರುದಾರರೂ ಒಂದೇ ಬೆಂಚಿನಲ್ಲಿ ಕೂರಬೇಕಾದ ಸ್ಥಿತಿಗೆ ಏನು ಮಾಡೋಣ ಎಂದು ಕೇಳಿ, ಅಂಥ ಪ್ರಶ್ನೆಗೆ ಅವರ ಬಳಿ ಉತ್ತರವಿರುತ್ತದೆ.

ಮುಂದೆ ಬಂದವರ ಮೇಲೆ ಏಟು ಬೀಳುತ್ತದೆ. ಇದನ್ನು ಮುಂಚಿತವಾಗಿ ಹೇಳದಿರುವುದು ಮೋಸ. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ‘ಸಾಥಿನ್’ (ಹಳ್ಳಿಯ ಕಾರ್ಯಕರ್ತೆ) ಆಗಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ದಾಳಿಯಾಯಿತು. ಮುಂದಾಳತ್ವ ವಹಿಸಿದ್ದಕ್ಕೇ ಆದ ಹಿಂಸೆ ಅದು. ಕೆಲಸಕ್ಕೆ ಕಳಿಸಿದವರ ಬಳಿ ರಕ್ಷಣೆಯ ಯಾವ ಏರ್ಪಾಡೂ ಇರಲಿಲ್ಲ. ಅದೇ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ 1997ರ ವಿಶಾಖಾ ಮಾರ್ಗಸೂಚಿಯಾಯಿತು, 2013ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆಯಾಯಿತು. ದೇಶದ ದುಡಿಯುವ ಹೆಣ್ಣುಮಕ್ಕಳಿಗೆ ಆ ಕಾನೂನು ಸಿಕ್ಕಿತು. ಭಂವರಿ ದೇವಿಯವರ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ 1995ರಲ್ಲಿ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತ್ತು. ಹಾಗಾಗಿ ಹೆಸರು ಹೊರಗೆ ಬರುವ ಮೊದಲೇ ಸುರಕ್ಷತಾ ಯೋಜನೆ ಕಾಗದದ ಮೇಲಿರಬೇಕು. ಮನೆಯಲ್ಲಿ ಯಾರಿಗೆ ಮೊದಲು ಹೇಳುವುದು, ಮಕ್ಕಳಿಗೆ ಶಾಲೆಯಲ್ಲಿ ಯಾರಾದರೂ ಕೇಳಿದರೆ ಏನು ಉತ್ತರ, ಸಭೆಯಿಂದ ಮನೆ ತಲುಪಿದೆನೆಂದು ಎಷ್ಟು ಹೊತ್ತಿಗೆ ಯಾರಿಗೆ ಸಂದೇಶ, ಬರದಿದ್ದರೆ ಯಾರು ಹೊರಡುವುದು, ಬೇಕಾದರೆ ಒಂದು ವಾರ ಇರಲು ಬೇರೆ ಜಾಗ ಯಾವುದು. ಸಂದರ್ಶನ ಪ್ರಕಟವಾದ ಮೊದಲ ಮೂರು ದಿನ ಅವರ ಸಾಮಾಜಿಕ ಜಾಲತಾಣದ ಪ್ರತಿಕ್ರಿಯೆಗಳನ್ನು ಬೇರೆಯವರು ನೋಡಿಕೊಳ್ಳಲಿ. ಬೆದರಿಕೆಗಳನ್ನು ಅಳಿಸುವ ಮೊದಲು ದಿನಾಂಕ, ಖಾತೆಯ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಸಿಟ್ಟಿನಲ್ಲಿ ಅಳಿಸಿಬಿಟ್ಟು ಆಮೇಲೆ ದೂರಿಗೆ ಆಧಾರವಿಲ್ಲದೆ ಪರದಾಡುವುದು ಮಾಮೂಲಾಗಿದೆ.

ಕೊನೆಗೆ ಯಜಮಾನಿಕೆಯ ಪ್ರಶ್ನೆ. ದಕ್ಷಿಣ ಕೊರಿಯಾದಲ್ಲಿ ಕಿಮ್ ಹಾಕ್-ಸುನ್ 1991ರ ಆಗಸ್ಟ್ 14ರಂದು ಎರಡನೇ ಮಹಾಯುದ್ಧ ಕಾಲದ ಜಪಾನೀ ಸೈನ್ಯದ ಲೈಂಗಿಕ ಗುಲಾಮಗಿರಿಗೆ ತಾವು ಒಳಗಾದದ್ದನ್ನು ಬಹಿರಂಗವಾಗಿ ಹೇಳಿದ ಮೇಲೆ ಅದನ್ನೇ ಅನುಭವಿಸಿದ ಹಲವು ಅಜ್ಜಿಯರು ಮುಂದೆ ಬಂದರು. 1992ರ ಜನವರಿಯಿಂದ ಸೋಲ್‌ನ ಜಪಾನ್ ರಾಯಭಾರ ಕಚೇರಿಯ ಎದುರು ಪ್ರತಿ ಬುಧವಾರ ಪ್ರತಿಭಟನೆ ಶುರುವಾಯಿತು. ಕಿಮ್ ಬೊಕ್-ದೊಂಗ್ ಮತ್ತು ಗಿಲ್ ವೊನ್-ಒಕ್ ತಮಗೆ ಪರಿಹಾರ ಬಂದರೆ ಕಾಂಗೋದಂಥ ಕಡೆಯ ಹೆಣ್ಣುಮಕ್ಕಳಿಗೆ ಕೊಡುತ್ತೇವೆಂದು 2012ರಲ್ಲಿ ಹೇಳಿ ‘ಚಿಟ್ಟೆ ನಿಧಿ’ಗೆ ನಾಂದಿ ಹಾಡಿದರು. ಇಂಥ ಚಳವಳಿಯಲ್ಲೂ 2020ರಲ್ಲಿ ಅವರಲ್ಲೊಬ್ಬರಾದ ಲೀ ಯೊಂಗ್-ಸೂ ಪತ್ರಿಕಾಗೋಷ್ಠಿ ಕರೆದು, ನಮ್ಮ ಹೆಸರಿನಲ್ಲಿ ಬಂದ ದೇಣಿಗೆ ಏನಾಯಿತು ಎಂದು ತಮ್ಮ ಜೊತೆ ದಶಕಗಳಿಂದ ಕೆಲಸ ಮಾಡಿದವರನ್ನೇ ಕೇಳಬೇಕಾಯಿತು. ಸಂಸ್ಥೆಗಳು ನಿಜವಾಗಿ ಬಿಟ್ಟುಕೊಡಲು ಹಿಂಜರಿಯುವುದು ಇದನ್ನೇ: ಚೆಕ್ ಪುಸ್ತಕದ ಸಹಿ. ಮೊದಲ ವರ್ಷ ಸಣ್ಣ ಮೊತ್ತವೊಂದನ್ನು ತಂಡವೇ ಚರ್ಚಿಸಿ ಖರ್ಚು ಮಾಡಲಿ, ತಪ್ಪಾದರೆ ಅದರ ಲೆಕ್ಕವನ್ನೂ ಅವರೇ ಬರೆಯಲಿ. ಎರಡನೇ ವರ್ಷ ಖಾತೆಗೆ ಜಂಟಿ ಸಹಿ. ಮೂರನೇ ವರ್ಷ ಅವರದೇ ಸಂಘದ ನೋಂದಣಿ, ಅವರದೇ ಸಹಿ, ಹಳೆಯ ಸಂಸ್ಥೆ ಕೇಳಿದಾಗ ಮಾತ್ರ ಸಲಹೆಗೆ. ಒಂದು ವರ್ಷದ ಅನುದಾನದಲ್ಲಿ ಇದಾವುದೂ ಆಗದು. ಆರು ತಿಂಗಳು ನಂಬಿಕೆ ಬೆಳೆಯಲೇ ಬೇಕು, ಇನ್ನಾರು ತಿಂಗಳಲ್ಲಿ ವರದಿ ಬರೆಯುವ ಹೊತ್ತಾಗುತ್ತದೆ. ಹಣ ನಿಂತಾಗ ಮುಂದೆ ಬಂದು ನಿಂತವರ ಬೆನ್ನ ಹಿಂದೆ ಯಾರೂ ಇರುವುದಿಲ್ಲ. ಬೇಡವೆನಿಸಿದಾಗ ಹಿಂದೆ ಸರಿದು ಸುಮ್ಮನೆ ತಮ್ಮ ಪಾಡಿಗೆ ಬದುಕುವ ದಾರಿಯೂ ತೆರೆದಿರಬೇಕು. ಅದು ಸೋಲೂ ಅಲ್ಲ, ದ್ರೋಹವೂ ಅಲ್ಲ. ತಂಡದ ಹನ್ನೆರಡು ಜನರಲ್ಲಿ ನಾಲ್ಕೇ ಜನ ಮುಂದಾಳುಗಳಾದರೂ ಉಳಿದ ಎಂಟು ಜನಕ್ಕೆ ಮಾಡಿದ ಖರ್ಚು ಪೋಲಾಗಲಿಲ್ಲ ಎಂದು ದಾನಿಗಳಿಗೆ ವಿವರಿಸುವುದು ಮಾತ್ರ ಇವತ್ತಿಗೂ ಕಷ್ಟವೇ.

ಸಂಪಾದಕರೇ, ಮುಂದಿನ ನವೆಂಬರಿಗೆ ನಿಮ್ಮ ವರದಿಗಾರರು ಫೋನ್ ಮಾಡುವ ಮೊದಲು ಕೆಲವು ವಿಷಯ ಕೈಯಲ್ಲಿಟ್ಟುಕೊಂಡಿರಲಿ: ಪ್ರಶ್ನೆಗಳ ಪಟ್ಟಿ, ಪ್ರಕಟಣೆಯ ದಿನ, ಫೋಟೊ ಬೇಕೇ ಬೇಡವೇ, ತಲೆಬರಹವನ್ನು ಮೊದಲೇ ತೋರಿಸುತ್ತೀರಾ, ಜಾಲತಾಣದಲ್ಲಿ ಪ್ರತಿಕ್ರಿಯೆ ಮುಚ್ಚುತ್ತೀರಾ. ಘಟನೆಯ ಬಗ್ಗೆ ಪ್ರಶ್ನೆ ಬೇಡ. ಅವರು ನಡೆಸುತ್ತಿರುವ ಕೇಂದ್ರದ ಬಗ್ಗೆ, ಓದಿ ಹಿಡಿದ ಬಜೆಟ್ಟಿನ ಬಗ್ಗೆ, ಆಸ್ಪತ್ರೆಯಲ್ಲಿ ಬದಲಾಯಿಸಿದ ನಿಯಮದ ಬಗ್ಗೆ ಕೇಳಲಿ. ಇಷ್ಟೆಲ್ಲ ಸಿದ್ಧವಾಗಿ ಕರೆ ಮಾಡಿದ ಮೇಲೂ ‘ಈ ವರ್ಷ ಬೇಡ’ ಎಂಬ ಉತ್ತರ ಬರಬಹುದು. ಆಗ ಕಾರಣ ಕೇಳದೆ ಫೋನ್ ಇಡುವಂತೆ ಅವರಿಗೆ ಹೇಳಿರಿ.

ಇಂತಿ,
ಬೆಂಬಲ ಮತ್ತು ತರಬೇತಿಯ ಕೆಲಸದಲ್ಲಿರುವ ಕೆಲವರು